ಕೆರೆಯಲ್ಲಿ ಕಯಾಕ್: ಬೆಂಗಳೂರಿನ ಒಂದು ಬಡಾವಣೆಯ ಪ್ರಕರಣ

ಇದು ಬೆಂಗಳೂರಿನ ಪೂರ್ವ ದಿಕ್ಕಿನ ಒಂದು ಕೆರೆಯಲ್ಲಿ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಇಳಿಸಲು ಹೊರಟ ಒಂದು ಗುಂಪಿಗೆ ಸಂಬಂಧಿಸಿದ್ದು. ಕೆರೆಯ ಹೆಸರು, ಬಡಾವಣೆ, ಶಾಲೆ, ಜನ ಯಾರ ಹೆಸರನ್ನೂ ಇಲ್ಲಿ ಹಾಕಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಅದಲುಬದಲು ಮಾಡಿದ್ದೇನೆ. ಗುಂಪಿನ ಸಭೆಗಳ ನಡಾವಳಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದ್ದರಿಂದ ಯಾರು ಯಾವಾಗ ಏನಂದರು ಅನ್ನುವುದಕ್ಕೆ ನೆನಪನ್ನೇ ನಂಬಬೇಕಾಗಿಲ್ಲ, ಪುಸ್ತಕ ಇದೆ. ಬೇರೆ ಬಡಾವಣೆಯವರು ‘ನಮ್ಮ ಕೆರೆಯಲ್ಲೂ ಕಯಾಕಿಂಗ್ ಶುರು ಮಾಡಬೇಕು, ಹೇಗೆ’ ಎಂದು ಕೇಳುತ್ತಲೇ ಇದ್ದಾರೆ. ಅವರಿಗಾಗಿ ಇದು.

ಹಿನ್ನೆಲೆ

ಗುಂಪು ಶುರುವಾಗಿದ್ದು ನಾಲ್ವರಿಂದ. ಸೇನೆಯಲ್ಲಿದ್ದಾಗ ದೋಣಿ ತರಬೇತಿ ಪಡೆದು ನಿವೃತ್ತರಾದ ಒಬ್ಬರು, ಅವರನ್ನು ಎಲ್ಲರೂ ಕೋಚ್ ಎಂದೇ ಕರೆಯುತ್ತಿದ್ದರು. ಶರಾವತಿ ಹಿನ್ನೀರಿನ ಹೊನ್ನೆಮರಡುವಿನಲ್ಲಿ ಕಯಾಕ್ ಕಲಿತು ಅದರ ಹುಚ್ಚು ಹತ್ತಿಸಿಕೊಂಡು ಬಂದ ಸಾಫ್ಟ್‌ವೇರ್ ಉದ್ಯೋಗಿ ಇನ್ನೊಬ್ಬರು, ಮುಂದೆ ಇವರೇ ಸಂಚಾಲಕಿಯಾದರು. ಪಕ್ಕದ ಸರ್ಕಾರಿ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು. ಕೆರೆಗೆ ಅಂಟಿಕೊಂಡಿರುವ ದೊಡ್ಡ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ. ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಸಿಕ್ಕಿತು. ಅದರಲ್ಲಿ ಮೇಲೆ ಕೂತು ಹುಟ್ಟು ಹಾಕುವ ಪ್ಲಾಸ್ಟಿಕ್ ಕಯಾಕ್ ಆರು, ಇಬ್ಬರು ಕೂರುವ ಕನೂ ಒಂದು, ಕುಳಿಯೊಳಗೆ ಕಾಲು ಚಾಚಿ ಕೂರುವ ಹಳೆಯ ಕಯಾಕ್ ಒಂದು ಬಂದವು. ಕಯಾಕಿಗೆ ಎರಡೂ ತುದಿಯಲ್ಲಿ ಅಲಗಿರುವ ಹುಟ್ಟು, ಕನೂಗೆ ಒಂದೇ ಅಲಗು. ಈ ವ್ಯತ್ಯಾಸವನ್ನು ಶಾಲೆಯ ಮಕ್ಕಳು ಮೊದಲ ದಿನವೇ ಹಿಡಿದುಕೊಂಡರು. ದೊಡ್ಡವರು ಎಲ್ಲವನ್ನೂ ಇವತ್ತಿಗೂ ‘ಬೋಟು’ ಎನ್ನುತ್ತಾರೆ.

ಹಣ ಕೇಳಿ ಬರೆದ ಅರ್ಜಿಯಲ್ಲಿ ಮೂರು ಉದ್ದೇಶ ಇದ್ದವು: ಮಕ್ಕಳಿಗೆ ಕಲಿಕೆ, ಕೆರೆಯ ಕಾಳಜಿ, ಬಡಾವಣೆಯವರಿಗೆ ಮನರಂಜನೆ. ಮೂರೂ ಒಂದೇ ಕೆರೆಯಲ್ಲಿ, ಶನಿವಾರ ಬೆಳಿಗ್ಗೆ ಒಟ್ಟೊಟ್ಟಿಗೆ ಆಗುತ್ತವೆ ಎಂದು ಬರೆದಿತ್ತು. ನೀರಿನ ಮೇಲೆ ಆಡಿದವನಿಗೆ ನೀರಿನ ಮೇಲೆ ಪ್ರೀತಿ ಹುಟ್ಟುತ್ತದೆ, ಪ್ರೀತಿ ಹುಟ್ಟಿದವನು ಕೆರೆ ಕಾಯುತ್ತಾನೆ. ಕೇಳಲು ಚೆನ್ನಾಗಿತ್ತು. ಹಣ ಕೊಟ್ಟವರೂ ಅದಕ್ಕೇ ಒಪ್ಪಿದ್ದು.

ಬೆಂಗಳೂರಿಗೆ ಹೇಳಿಕೊಳ್ಳುವಂಥ ನದಿ ಇಲ್ಲ. ಊರು ಕೂತಿರುವುದೇ ದಿಬ್ಬದ ಮೇಲೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಕಣಿವೆ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿ ಸೇರುತ್ತದೆ. ನಡುವೆ ಇರುವುದೆಲ್ಲ ಕಟ್ಟಿದ ಕೆರೆ. ಏರಿ, ತೂಬು, ಕೋಡಿ. ಒಂದು ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ. ಹುಟ್ಟು ಹಾಕುವುದನ್ನು ಕಲಿಯುವವರಿಗೆ ಇಂಥ ಕೆರೆಗಿಂತ ಒಳ್ಳೆಯ ಜಾಗ ಇಲ್ಲ ಎಂದು ಕೋಚ್ ವಾದಿಸುತ್ತಿದ್ದರು: ಸೆಳೆತ ಇಲ್ಲ, ಆಳ ಕಡಿಮೆ, ಎಲ್ಲಿ ಬಿದ್ದರೂ ದಡ ಕಾಣುತ್ತದೆ. ಮೇಲಾಗಿ ಈ ಕೆರೆ ಏಪ್ರಿಲ್‌ನಲ್ಲೂ ತುಂಬಿರುತ್ತದೆ, ವರ್ಷವಿಡೀ ತರಗತಿ ನಡೆಸಬಹುದು.

ತುಂಬಿದ ಕೆರೆಯ ಲೆಕ್ಕ

ಮೊದಲ ಕೆಲವು ಶನಿವಾರ ಜಾತ್ರೆಯಂತಿದ್ದವು. ಅಪಾರ್ಟ್‌ಮೆಂಟಿನ ಮಕ್ಕಳು, ಸರ್ಕಾರಿ ಶಾಲೆಯ ಮಕ್ಕಳು ಒಂದೇ ಸಾಲಿನಲ್ಲಿ ನಿಂತು ಲೈಫ್ ಜಾಕೆಟ್ ಬಿಗಿಸಿಕೊಂಡಿದ್ದು ಆ ಬಡಾವಣೆಯಲ್ಲಿ ಸಣ್ಣ ವಿಷಯವೇನಲ್ಲ. ಆದರೆ ತೊಂದರೆಗಳು ಒಂದರ ಹಿಂದೆ ಒಂದು ಬಂದವು.

ಒಂದು ಕಯಾಕಿನ ಕೆಳಗಿನ ರೆಕ್ಕೆ ಮೀನುಗಾರರ ಬಲೆಗೆ ಸಿಕ್ಕಿಕೊಂಡಿತು. ಬಿಡಿಸುವ ಅವಸರದಲ್ಲಿ ಯಾರೋ ನೂಲು ಕತ್ತರಿಸಿದರು. ಏರಿಯ ಮೇಲೆ ದೊಡ್ಡ ಗಲಾಟೆ. ಕೆರೆಯ ಮೀನು ಹಿಡಿಯುವ ಹಕ್ಕು ಗುತ್ತಿಗೆ ಹಿಡಿದವರದು, ದುಡ್ಡು ಕಟ್ಟಿದವರು ಅವರು. ಕಯಾಕಿನವರು ಯಾರ ಹತ್ತಿರವೂ ಏನೂ ಕಟ್ಟಿರಲಿಲ್ಲ. ಅದೇ ಹೊತ್ತಿಗೆ ಪಕ್ಷಿ ವೀಕ್ಷಕರಿಂದ ಇಲಾಖೆಗೆ ದೂರು ಹೋಯಿತು. ಕಯಾಕಿಗೆ ಮೋಟಾರು ಇಲ್ಲ, ಸದ್ದಿಲ್ಲ, ಹಕ್ಕಿಗೆ ತೊಂದರೆ ಆಗಲ್ಲ ಎಂದು ಗುಂಪು ನಂಬಿತ್ತು. ನಡೆದದ್ದು ಬೇರೆ. ಸದ್ದಿಲ್ಲದೆ ತೀರ ಹತ್ತಿರ ಬಂದ ಮೇಲೆ ಹಕ್ಕಿಗೆ ಗೊತ್ತಾಗುತ್ತದೆ, ಆಗ ಇಡೀ ಹಿಂಡು ಒಮ್ಮೆಗೇ ಎದ್ದುಬಿಡುತ್ತದೆ. ನಡುಗಡ್ಡೆಯಲ್ಲಿ ನೀರುಕಾಗೆಗಳ ಗೂಡುಗಳಿದ್ದವು. ಚಳಿಗಾಲದಲ್ಲಿ ವಲಸೆ ಬಾತುಗಳು ಬಂದು ಇಳಿಯುತ್ತಿದ್ದ ಮೂಲೆಯೇ ಕೋಚ್ ಅವರ ‘ಟರ್ನಿಂಗ್ ಪಾಯಿಂಟ್’ ಆಗಿತ್ತು.

ಇಲಾಖೆಯವರು ಕೊಟ್ಟಿದ್ದ ಬಾಯಿಮಾತಿನ ಅನುಮತಿ ದೂರು ಬಂದ ದಿನವೇ ಆವಿಯಾಯಿತು. ಇದರಲ್ಲಿ ಅಧಿಕಾರಿಗಳನ್ನು ಪೂರ್ತಿ ದೂರುವಂತಿಲ್ಲ. 2000ರ ದಶಕದಲ್ಲಿ ಹೆಬ್ಬಾಳ, ನಾಗವಾರ, ಅಗರದಂಥ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಡಲು ಹೋಗಿ, ಅದು 2008ರಲ್ಲಿ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ ಈ ಊರಿನಲ್ಲಿ ಕೆರೆ, ಬೋಟು, ಟಿಕೆಟ್ಟು ಎಂಬ ಮೂರು ಮಾತು ಒಂದೇ ಕಾಗದದಲ್ಲಿ ಬಂದರೆ ಯಾರೂ ಸಹಿ ಹಾಕಲು ಮುಂದೆ ಬರುವುದಿಲ್ಲ.

ಇಷ್ಟಾದರೂ ಗುಂಪು ಇದನ್ನೆಲ್ಲ ಆಡಳಿತದ ತೊಡಕು ಎಂದೇ ತಿಳಿದಿತ್ತು. ಅನುಮತಿ ಪತ್ರ ಸಿಕ್ಕರೆ, ಬಲೆಯ ಜಾಗ ಗೊತ್ತಾದರೆ, ಎಲ್ಲ ಸರಿಹೋಗುತ್ತದೆ. ನಿಜವಾದ ಪ್ರಶ್ನೆ ಎತ್ತಿದವರು ವಿಜ್ಞಾನದ ಮೇಷ್ಟ್ರು. ಒಂಬತ್ತನೇ ತರಗತಿಯ ಒಬ್ಬ ಹುಡುಗ ಮಗುಚಿ ಬಿದ್ದು ನೀರು ಕುಡಿದಿದ್ದ. ಮೂರು ದಿನಕ್ಕೆ ಜ್ವರ, ವಾಂತಿ. ಮೊಣಕಾಲಿನ ತರಚುಗಾಯ ನೋಡಿದ ವೈದ್ಯರು ಇಲಿ ಜ್ವರದ ಪರೀಕ್ಷೆ ಬರೆದುಕೊಟ್ಟರು. ಅದು ಇರಲಿಲ್ಲ, ಪುಣ್ಯ. ಆ ವಾರದ ಸಭೆಯಲ್ಲಿ ಮೇಷ್ಟ್ರು ಕೇಳಿದ್ದು ನಡಾವಳಿಯಲ್ಲಿ ಹೀಗಿದೆ: “ಬೇಸಿಗೆಯಲ್ಲಿ ಸುತ್ತಮುತ್ತಲ ಬೋರ್‌ವೆಲ್ ಎಲ್ಲ ಬತ್ತಿವೆ. ಐದು ತಿಂಗಳಿಂದ ಮಳೆ ಇಲ್ಲ. ಕೆರೆ ಮಾತ್ರ ಕೋಡಿಯ ಮಟ್ಟಕ್ಕಿದೆ. ಈ ನೀರು ಎಲ್ಲಿಂದ ಬಂತು?”

ಹಳೆಯ ಕೆರೆಗಳು ಬೇಸಿಗೆಯಲ್ಲಿ ಇಳಿಯುತ್ತಿದ್ದವು. ತಳ ಕಂಡಾಗ ರೈತರು ಹೂಳು ತೆಗೆದು ಗಾಡಿಯಲ್ಲಿ ಹೊಲಕ್ಕೆ ಸಾಗಿಸುತ್ತಿದ್ದರು. ವರ್ಷಪೂರ್ತಿ ತುಂಬಿದ ಕೆರೆ ಬೆಂಗಳೂರಿನಲ್ಲಿ ಸಂತೋಷದ ಸುದ್ದಿಯಲ್ಲ, ಮೇಲೆ ಎಲ್ಲೋ ಕೊಳಚೆ ಸೇರುತ್ತಿದೆ ಎಂಬುದಕ್ಕೆ ಸಾಕ್ಷಿ. ಕೋಚ್ ಯಾವ ಗುಣಕ್ಕಾಗಿ ಈ ಕೆರೆಯನ್ನು ಆರಿಸಿದ್ದರೋ ಅದೇ ಅದರ ರೋಗಲಕ್ಷಣವಾಗಿತ್ತು.

ನಿಲ್ಲಿಸುವ ತೀರ್ಮಾನ

ನೀರನ್ನು ಪರೀಕ್ಷೆಗೆ ಕೊಟ್ಟರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ‘ಎ’ಯಿಂದ ‘ಇ’ವರೆಗೆ ಐದು ದರ್ಜೆಯಾಗಿ ವಿಂಗಡಿಸುತ್ತದೆ. ‘ಬಿ’ ದರ್ಜೆ ಎಂದರೆ ಹೊರಾಂಗಣ ಸ್ನಾನಕ್ಕೆ ಯೋಗ್ಯ: 100 ಮಿಲಿಲೀಟರಿನಲ್ಲಿ ಒಟ್ಟು ಕೋಲಿಫಾರ್ಮ್ (ಮಲದ ಕೊಳಚೆಯ ಸುಳಿವು ಕೊಡುವ ಬ್ಯಾಕ್ಟೀರಿಯಾ) 500 ದಾಟಬಾರದು, ಬಿಒಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಲೀಟರಿಗೆ 3 ಮಿಲಿಗ್ರಾಂ ಮೀರಬಾರದು, ಕರಗಿದ ಆಮ್ಲಜನಕ ಕನಿಷ್ಠ 5 ಮಿಲಿಗ್ರಾಂ ಇರಬೇಕು. ‘ಡಿ’ ಎಂದರೆ ಮೀನು, ವನ್ಯಜೀವಿ ಬದುಕಬಹುದು, ಅದಕ್ಕೆ ಆಮ್ಲಜನಕ 4 ಇದ್ದರೆ ಸಾಕು. ‘ಇ’ ನೀರಾವರಿಗೆ, ಕಾರ್ಖಾನೆಯಲ್ಲಿ ಯಂತ್ರ ತಣಿಸುವುದಕ್ಕೆ. ಕೆರೆಯ ನೀರು ‘ಬಿ’ಯ ಹತ್ತಿರಕ್ಕೂ ಬರಲಿಲ್ಲ. ಕಯಾಕಿಂಗ್ ಕಲಿಯುವುದು ಎಂದರೆ ಬೀಳುವುದನ್ನು ಕಲಿಯುವುದು. ಬೀಳುವ ಮಕ್ಕಳಿಗೆ ಸ್ನಾನದ ದರ್ಜೆಯ ನೀರೇ ಬೇಕು, ಅದಕ್ಕಿಂತ ಕೆಳಗಿನದು ನಡೆಯುವುದಿಲ್ಲ.

ಆ ದಿನದ ಸಭೆ ರಾತ್ರಿ ಹನ್ನೊಂದರವರೆಗೆ ನಡೆಯಿತು. ಕಾರ್ಯದರ್ಶಿಗಳ ವಾದ: ನೀರಿಗಿಳಿದ ಮೇಲೆ ಸೋಪು ಹಾಕಿ ಸ್ನಾನ ಮಾಡಿಸೋಣ, ಗಾಯ ಇದ್ದವರನ್ನು ಬಿಡೋಣ, ಪೋಷಕರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳೋಣ. ಕಂಪನಿಯ ಕಡೆಯವರಿಗೆ ಮಕ್ಕಳು ದೋಣಿಯಲ್ಲಿರುವ ಫೋಟೊ ಬೇಕಿತ್ತು, ವರ್ಷದ ವರದಿ ಹತ್ತಿರ ಬಂದಿತ್ತು. ಕೋಚ್ ಸುಮ್ಮನೆ ಕೂತಿದ್ದರು. ಅವರ ಕನಸು ಅದು, ಅವರೇ ಕೊಲ್ಲಬೇಕಿತ್ತು. ಕೊನೆಗೆ ಅವರು ಹೇಳಿದ್ದು ಇಷ್ಟೇ: “ನನ್ನ ಮೊಮ್ಮಗಳನ್ನ ಈ ನೀರಿಗೆ ಇಳಿಸ್ತೀನಾ? ಇಲ್ಲ. ಹಂಗಾದ್ರೆ ಅವರ ಮಕ್ಕಳನ್ನೂ ಇಳಿಸಲ್ಲ.”

ಆ ರಾತ್ರಿಯ ತೀರ್ಮಾನ ಮುಂದಿನದ್ದಕ್ಕೆಲ್ಲ ದಾರಿ ಮಾಡಿತು. ಹದಿನೆಂಟು ತುಂಬದವರು ಈ ಕೆರೆಯಲ್ಲಿ ದೋಣಿ ಹತ್ತುವಂತಿಲ್ಲ. ಹಾಗಾದರೆ ಮಕ್ಕಳಿಗೆ ಕಲಿಸುವುದು ಎಲ್ಲಿ, ಕೆರೆಯ ಕೆಲಸ ಯಾರು ಮಾಡುವುದು, ಮಜಾ ಮಾಡಲು ಎಲ್ಲಿಗೆ ಹೋಗುವುದು? ಸಂಚಾಲಕಿ ಬಿಳಿ ಹಲಗೆಯ ಮೇಲೆ ಮೂರು ಉದ್ದೇಶಗಳನ್ನು ಬರೆದು ಒಂದೊಂದಕ್ಕೂ ಬೇರೆ ಬೇರೆ ನೀರು ಹುಡುಕೋಣ ಎಂದರು. ಕಲಿಕೆ ಈಜುಕೊಳದಲ್ಲಿ. ಕಾಳಜಿ ಕೆರೆಯಲ್ಲಿ. ಮೋಜು ಊರಾಚೆಯ ಶುದ್ಧ ನೀರಿನಲ್ಲಿ. ಹೇಳುವುದಕ್ಕೆ ಸುಲಭ, ಖರ್ಚು ಮೂರು ಪಟ್ಟು. ಎರಡನೇ ಕಂತಿನ ಹಣ ಬರಲಿಲ್ಲ. ‘ಮೂಲ ಪ್ರಸ್ತಾವನೆಗೆ ಅನುಗುಣವಾಗಿಲ್ಲ’ ಎಂದು ಬಂದ ಮೇಲ್ ನೋಡಿದರೆ ಅವರ ಕಡೆಯಿಂದ ತಪ್ಪೇನೂ ಕಾಣುವುದಿಲ್ಲ.

ಈಜುಕೊಳ

ಹತ್ತಿರದ ಈಜುಕೊಳಕ್ಕೆ ಸೋಮವಾರ ರಜೆ. ಆ ದಿನ ಸಂಜೆ ಎರಡು ಗಂಟೆ ಬಾಡಿಗೆಗೆ ಸಿಕ್ಕಿತು. ಕೊಳಕ್ಕೆ ಇಳಿಯುವ ಮೊದಲು ಎರಡು ವಾರ ಶಾಲೆಯ ಸಭಾಂಗಣದ ನೆಲದ ಮೇಲೇ ಪಾಠ. ಮಕ್ಕಳು ಕಾಲು ಚಾಚಿ ಕೂತು ಪೊರಕೆ ಕೋಲು ಹಿಡಿದು ಹುಟ್ಟು ಹಾಕುವುದು. “ತೋಳಲ್ಲಿ ಎಳೀಬೇಡ, ಸೊಂಟದಿಂದ ತಿರುಗು” ಎಂದು ಕೋಚ್ ಒಬ್ಬೊಬ್ಬರ ಹಿಂದೆ ಕೂತು ಭುಜ ಹಿಡಿದು ತಿರುಗಿಸುತ್ತಿದ್ದರು. ಕೈಯ ಬಲದಲ್ಲಿ ಎಳೆದವನು ಹತ್ತು ನಿಮಿಷಕ್ಕೆ ಸುಸ್ತು. ಮುಂಡ ತಿರುಗಿಸಿ, ಪಾದವನ್ನು ಒತ್ತಿ ಎಳೆದವನು ಗಂಟೆಗಟ್ಟಲೆ ಹೋಗಬಲ್ಲ. ನೆಲದ ಮೇಲೆ ಇದು ಸ್ಪಷ್ಟವಾಗಿ ಗೊತ್ತಾಗುತ್ತದೆ, ನೀರಿನಲ್ಲಿ ಭಯದ ನಡುವೆ ಗೊತ್ತಾಗುವುದಿಲ್ಲ. ಈ ಪೊರಕೆ ಪಾಠ ಹಣ ಇಲ್ಲದೆ ಹುಟ್ಟಿದ್ದು. ಈಗ ಹಣ ಕೊಟ್ಟರೂ ಅದನ್ನು ಬಿಡುವುದಿಲ್ಲ ಎನ್ನುತ್ತಾರೆ.

ಕೊಳದಲ್ಲಿ ಮೊದಲು ಕಲಿಸಿದ್ದು ಮುಂದೆ ಹೋಗುವುದನ್ನಲ್ಲ, ಮಗುಚುವುದನ್ನು. ಕುಳಿಯೊಳಗೆ ಕೂರುವ ಹಳೆಯ ಕಯಾಕಿನ ಬಾಯಿಗೆ ರಬ್ಬರ್ ಹೊದಿಕೆ, ಅದರ ಮುಂದೆ ಒಂದು ಕುಣಿಕೆ. ತಲೆಕೆಳಗಾದಾಗ ಹಿಂದಕ್ಕೆ ಬಾಗಬಾರದು, ಮುಖ ತೊಡೆಯ ಕಡೆಗೆ ತರಬೇಕು. ಎರಡೂ ಕೈಯಲ್ಲಿ ದೋಣಿಯ ಹೊಟ್ಟೆಗೆ ಮೂರು ಬಾರಿ ತಟ್ಟಬೇಕು, ಆಮೇಲೆ ಕುಣಿಕೆ ಮುಂದಕ್ಕೆ ಎಳೆದು ಪ್ಯಾಂಟು ಕಳಚಿದಂತೆ ಕಾಲು ಹೊರತೆಗೆಯಬೇಕು. ಮೂರು ಬಾರಿ ತಟ್ಟುವುದು ಸಹಾಯ ಕೇಳುವುದಕ್ಕಷ್ಟೇ ಅಲ್ಲ, ನೀರೊಳಗೆ ಗಾಬರಿಯನ್ನು ಒಂದು ಲೆಕ್ಕಕ್ಕೆ ಕಟ್ಟಿಹಾಕುವುದಕ್ಕೆ. ಮೊದಲ ಸಲ ಯಾರೂ ತಟ್ಟುವುದಿಲ್ಲ, ಒದ್ದಾಡಿ ಮೇಲೆ ಬರುತ್ತಾರೆ. ಮೂರನೆಯ ಸಲ ತಟ್ಟುತ್ತಾರೆ. ಒಬ್ಬಳು ಹುಡುಗಿ ಆರು ಸಲ ತಟ್ಟಿ ನಿಧಾನ ಹೊರಬಂದು ‘ಮೂರು ಸಾಲಲಿಲ್ಲ ಸಾರ್’ ಎಂದಳು.

ಹುಡುಗಿಯರನ್ನು ಕರೆತರುವುದು ಬೇರೆಯೇ ಕೆಲಸವಾಗಿತ್ತು. ಈಜುಡುಗೆ ಎಂದ ಕೂಡಲೇ ಮನೆಯವರು ಬೇಡ ಎಂದರು. ಸಂಚಾಲಕಿ ತಾಯಂದಿರನ್ನೇ ಕೊಳಕ್ಕೆ ಕರೆದು ತಾವು ಟೀ ಶರ್ಟು, ಲೆಗ್ಗಿಂಗ್ಸಿನಲ್ಲೇ ಇಳಿದು ಮಗುಚಿ ತೋರಿಸಿದರು. ಸೋಮವಾರದ ಒಂದು ಗಂಟೆ ಹುಡುಗಿಯರಿಗೇ ಮೀಸಲಾಯಿತು. ಇದಕ್ಕೆ ಸಾಹಸ ಕ್ರೀಡೆ ಎಂಬ ಹೆಸರೇ ಬೇಡ, ನೀರಿನ ಸುರಕ್ಷತೆ ಎನ್ನಿ ಎಂದು ಒಬ್ಬ ತಾಯಿ ಸಲಹೆ ಕೊಟ್ಟರು. ಹಾಗೆಯೇ ಸುತ್ತೋಲೆ ಹೋಯಿತು, ಹೆಸರು ಕೊಟ್ಟವರು ಹೆಚ್ಚಿದರು.

ಖಜಾಂಚಿ ದೋಣಿ ಹತ್ತಿದ ಬೆಳಿಗ್ಗೆ

ಕೆರೆಯಲ್ಲಿ ಉಳಿದದ್ದು ಎರಡು ಕಯಾಕ್, ಒಂದು ಕನೂ, ಕೆಲವು ತರಬೇತಾದ ದೊಡ್ಡವರು. ಇವರ ಕೆಲಸ ಮೀಟರು ಹಿಡಿದು ನೀರಿನ ಗುಣಮಟ್ಟ ಅಳೆಯುವುದು. ಗುಂಪು ಮೊದಲು ಮೀನುಗಾರರ ಯಜಮಾನರ ಹತ್ತಿರ ಹೋಗಿ ಕತ್ತರಿಸಿದ ಬಲೆಯ ದುಡ್ಡು ಕೊಟ್ಟಿತು. ಆಮೇಲೆ ಹೊತ್ತು ಗೊತ್ತುಮಾಡಿಕೊಂಡರು: ಬಲೆ ಎತ್ತಿ, ಏರಿಯ ಮೇಲೆ ಮೀನು ಮಾರಿ ಮುಗಿಯುವವರೆಗೆ ಕಯಾಕ್ ನೀರಿಗಿಳಿಯಬಾರದು. ಅದಕ್ಕೆ ಮೊದಲು ಅಳತೆ ಬೇಕಾದರೆ ಯಜಮಾನರ ತೆಪ್ಪದಲ್ಲೇ ಹೋಗಬೇಕು, ಅವರಿಗೆ ಕೂಲಿ ಕೊಡಬೇಕು. ಕಯಾಕುಗಳ ಕೆಳಗಿನ ರೆಕ್ಕೆ ಬಿಚ್ಚಿಸಿದರು. ನಡುಗಡ್ಡೆಯ ಸುತ್ತ ಬಿದಿರು, ಖಾಲಿ ಕ್ಯಾನು ಕಟ್ಟಿ ಗಡಿ ಹಾಕಿದರು. ಆ ಗಡಿ ಎಲ್ಲಿರಬೇಕೆಂದು ಗೊತ್ತುಮಾಡಿದ್ದು ದೂರು ಕೊಟ್ಟಿದ್ದ ಪಕ್ಷಿ ವೀಕ್ಷಕರೇ. ಚಳಿಗಾಲದಲ್ಲಿ ಅದು ಇನ್ನೂ ಹೊರಕ್ಕೆ ಸರಿಯುತ್ತದೆ.

ಕೆರೆಯ ಆಮ್ಲಜನಕ ಅತಿ ಕಡಿಮೆ ಇರುವುದು ನಸುಕಿನಲ್ಲಿ. ಹಗಲು ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ, ಕೊಳೆಯುವ ಹೂಳು, ಮೀನು ಎಲ್ಲ ಸೇರಿ ಅದನ್ನು ಬಳಸಿಬಿಡುತ್ತವೆ. ಮಧ್ಯಾಹ್ನ ದಡದಲ್ಲಿ ನಿಂತು ಅಳೆದರೆ ಕೆರೆ ಚೆನ್ನಾಗಿದೆ ಎಂದೇ ಮೀಟರು ಹೇಳುತ್ತದೆ. ಬೇಸಿಗೆಯ ಕೊನೆಗೆ ಬರುವ ಮೊದಲ ಜೋರು ಮಳೆ ಇನ್ನೂ ಅಪಾಯ: ರಾಜಕಾಲುವೆಯಲ್ಲಿ ತಿಂಗಳುಗಟ್ಟಲೆ ಕೂತ ಕೆಸರು ಒಮ್ಮೆಗೇ ಕೆರೆಗೆ ನುಗ್ಗುತ್ತದೆ. ಕೊಳಚೆ ಸೇರಿ ಆಮ್ಲಜನಕ ಇಳಿದರೆ ಏನಾಗುತ್ತದೆಂದು 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ದಡದಲ್ಲಿ ಮೀನು ರಾಶಿ ರಾಶಿ ಸತ್ತು ಬಿದ್ದಾಗ ಊರೆಲ್ಲ ನೋಡಿತ್ತು. ಇಲ್ಲೂ ಯುಗಾದಿಯಾದ ಮೇಲೆ ಅಂಥದೊಂದು ಮಳೆ ಬಂತು. ಮರುದಿನ ನಸುಕಿಗೆ ತೆಪ್ಪದಿಂದ ಅಳೆದಾಗ ಮೀಟರು 4ಕ್ಕಿಂತ ಬಹಳ ಕೆಳಗೆ ನಿಂತಿತ್ತು. ಸಂಚಾಲಕಿ ಗಾಬರಿಯಿಂದ ಯಜಮಾನರಿಗೆ ತೋರಿಸಿದರು. ಅವರು ನಕ್ಕು, “ನಿಮ್ಮ ಮಷೀನು ಹೇಳೋಕೆ ಮುಂಚೆ ಮೀನೇ ಹೇಳ್ತಮ್ಮ, ಮೂರು ಗಂಟೆಯಿಂದ ಬಾಯಿ ಮೇಲೆ ಮಾಡಿ ಗಾಳಿ ಕುಡೀತಿದೆ” ಎಂದರು. ಬಲೆ ಆಗಲೇ ಹಾಕಿಯಾಗಿತ್ತು, ಸಿಕ್ಕಷ್ಟು ಹಿಡಿದರು. ಆದರೆ ಇಲಾಖೆಗೆ ಬರೆಯುವಾಗ ಮೀನಿನ ಬಾಯಿ ನಡೆಯುವುದಿಲ್ಲ, ಅಂಕಿ ನಡೆಯುತ್ತದೆ. ಯಜಮಾನರ ತಿಳಿವಳಿಕೆ, ಗುಂಪಿನ ಮೀಟರು ಒಂದೇ ಪತ್ರದಲ್ಲಿ ಹೋದ ಮೊದಲ ಸಂದರ್ಭ ಅದು. ಆಮೇಲೆ ಏರಿಯ ಮೇಲೆ ಗಲಾಟೆ ಆಗಲಿಲ್ಲ.

ದೊಡ್ಡ ತಿರುವು ಬಂದದ್ದು ಉತ್ತರ ದಡದ ಜೊಂಡಿನ ಹಿಂದೆ. ವಾಕಿಂಗ್ ಹಾದಿಯಿಂದ ಅಲ್ಲಿ ಹಸಿರು ಗೋಡೆಯಷ್ಟೇ ಕಾಣುತ್ತದೆ. ಕಯಾಕಿನಲ್ಲಿ ಜೊಂಡಿನ ಸಂದಿಗೆ ನುಗ್ಗಿದವರಿಗೆ ನೀರಿನ ಮಟ್ಟದ ಕೆಳಗೆ ಒಂದು ದಪ್ಪ ಪೈಪಿನ ಬಾಯಿ ಸಿಕ್ಕಿತು. ಕೆಲವು ವಾರ ಹೊತ್ತು ಹೊತ್ತಿಗೆ ಹೋಗಿ ನೋಡಿದರು. ಹಗಲೆಲ್ಲ ಅಲ್ಲಿ ಏನೂ ಇಲ್ಲ. ಬೆಳಿಗ್ಗೆ ಏಳರಿಂದ ಒಂಬತ್ತೂವರೆ ತನಕ ನೀರು ಬುಸುಗುಟ್ಟುತ್ತದೆ, ಸಾಬೂನಿನ ನೊರೆ ಏಳುತ್ತದೆ. ರಾತ್ರಿ ಹತ್ತರ ಮೇಲೆ ಮತ್ತೆ. ಇದು ಮಳೆನೀರಿನ ಪೈಪಲ್ಲ, ಜನ ಏಳುವ, ಸ್ನಾನ ಮಾಡುವ, ಪಾತ್ರೆ ತೊಳೆಯುವ ಹೊತ್ತಿನ ಪೈಪು. ಎಲ್ಲಿಂದ ಬರುತ್ತಿದೆ ಎಂಬುದಕ್ಕೆ ಒಂದು ವಿದ್ಯಾರ್ಥಿಯ ಮನೆಯ ಕಡೆಯಿಂದ ಸುಳಿವು ಬಂತು. ಕಾರ್ಯದರ್ಶಿಗಳ ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಬಿಲ್ ಉಳಿಸಲು ಎಸ್‌ಟಿಪಿಯ (ಕೊಳಚೆ ನೀರು ಶುದ್ಧ ಮಾಡುವ ಘಟಕದ) ಗಾಳಿಯಂತ್ರ ನಿಲ್ಲಿಸುತ್ತಾರೆ, ತುಂಬಿದ್ದು ಹಾಗೇ ಹೊರಗೆ ಹೋಗುತ್ತದೆ. ಹೇಳಿದವರು ಯಾರೆಂಬುದು ನಡಾವಳಿಯಲ್ಲಿ ಇಲ್ಲ, ಬೇಕೆಂದೇ ಬರೆಯಲಿಲ್ಲ. ಅಲ್ಲಿ ಮನೆಗೆಲಸಕ್ಕೆ ಹೋಗುವವರ ಮಕ್ಕಳು ಈ ಶಾಲೆಯಲ್ಲಿ ಬಹಳ ಮಂದಿ.

ಈಗ ಏನು ಮಾಡಬೇಕು? ಮೇಷ್ಟ್ರು ನೇರ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡೋಣ ಎಂದರು. ಸಂಚಾಲಕಿ ಬೇಡ ಎಂದರು: ಕೆರೆಯ ಸುತ್ತ ಇಂಥ ಕಟ್ಟಡ ಇದೊಂದೇ ಅಲ್ಲ, ನಮ್ಮ ಜೊತೆ ಇದ್ದವರನ್ನೇ ಮೊದಲು ಹಿಡಿದುಕೊಟ್ಟರೆ ಉಳಿದವರು ಬಾಗಿಲು ಹಾಕಿಕೊಳ್ಳುತ್ತಾರೆ. ಸಂಘಕ್ಕೆ ಫೋಟೊ, ದಿನಾಂಕ, ಹೊತ್ತು ಎಲ್ಲ ಬರೆದು ಒಂದು ತಿಂಗಳ ಗಡುವು ಕೊಟ್ಟರು. ಆಗಲೂ ಸರಿಹೋಗದಿದ್ದರೆ ದೂರು ಎಂದು ಅದೇ ಪತ್ರದಲ್ಲಿ ಇತ್ತು. ಕಾರ್ಯದರ್ಶಿಗಳು ಗುಂಪಿನಿಂದ ಹೊರಬಂದರು. ಸಂಘದ ಉತ್ತರ: ಅದು ಮಳೆನೀರಿನ ಪೈಪು.

ವಾದದಲ್ಲಿ ಇದು ಮುಗಿಯುತ್ತಿರಲಿಲ್ಲ. ಬಣ್ಣ ಹಾಕಿ ನೋಡೋಣ ಎಂದು ಕೋಚ್ ಸವಾಲು ಹಾಕಿದರು, ನಿಮ್ಮ ಪ್ಲಂಬರೇ ನಿಮ್ಮ ಮ್ಯಾನ್‌ಹೋಲಿಗೆ ಹಾಕಲಿ, ನಿಮ್ಮವರೇ ಒಬ್ಬರು ಬಂದು ಪೈಪಿನ ಬಾಯಲ್ಲಿ ಕೂತು ನೋಡಲಿ. ಬಂದವರು ಸಂಘದ ಖಜಾಂಚಿ. ಕನೂವಿನ ಮುಂದಿನ ಸೀಟು, ಆಫೀಸಿನ ಬೂಟು, ಇಸ್ತ್ರಿ ಅಂಗಿಯ ಮೇಲೆ ಲೈಫ್ ಜಾಕೆಟ್. ಹಿಂದೆ ಕೋಚ್. ಜೊಂಡನ್ನು ಎರಡೂ ಕಡೆ ಸರಿಸಿ, ಪೈಪಿನ ಹತ್ತಿರ ದೋಣಿ ನಿಲ್ಲಿಸಿ, ಫೋನಿನಲ್ಲಿ ಪ್ಲಂಬರಿಗೆ ‘ಹಾಕಪ್ಪ’ ಎಂದರು. ಆ ಅರ್ಧ ಗಂಟೆಯಲ್ಲಿ ಖಜಾಂಚಿಗೆ ವಾಸನೆ, ಸೊಳ್ಳೆ, ಬುಡದಲ್ಲಿ ಸಿಕ್ಕಿಕೊಂಡಿದ್ದ ಶಾಂಪೂ ಸ್ಯಾಚೆಟ್ಟು, ಡೈಪರು ಎಲ್ಲದರ ಪರಿಚಯವಾಯಿತು. ಕೊನೆಗೆ ನೊರೆಯ ನಡುವೆ ಹಸಿರು ಬಣ್ಣ ಎದ್ದಿತು, ಗಿಳಿಹಸಿರು. ಅವರು ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ ಕೇಳಿದ್ದು ಗಾಳಿಯಂತ್ರ ದಿನಕ್ಕೆಷ್ಟು ಯುನಿಟ್ ತಿನ್ನುತ್ತದೆ ಎಂದು. ಖಜಾಂಚಿ ಅಲ್ಲವೇ!

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎಸ್‌ಟಿಪಿ ನಿರ್ವಹಣೆಯ ಹಣ ಏರಿಸುವ ಗೊತ್ತುವಳಿ ಮಂಡಿಸಿದವರು ಅವರೇ. ತಕರಾರು ಆಯಿತು, ಪಾಸೂ ಆಯಿತು. ಪೈಪಿಗೆ ಮುಚ್ಚಳ ಬಿತ್ತು. ಪತ್ರದಿಂದ ಆಗದ್ದು ಕನೂವಿನಲ್ಲಿ ಕೂರಿಸಿದ್ದರಿಂದ ಆಯಿತು ಎಂದು ನಾನು ನಂಬುತ್ತೇನೆ. ಗಡುವಿನ ಪತ್ರ ಇಲ್ಲದಿದ್ದರೆ ಅವರು ಕೂರುತ್ತಲೇ ಇರಲಿಲ್ಲ ಎನ್ನುವುದು ಮೇಷ್ಟ್ರ ವಾದ. ಇಬ್ಬರೂ ಇನ್ನೂ ಒಪ್ಪಿಲ್ಲ.

ಹಾಗೆಂದು ಕೆರೆ ಶುದ್ಧವಾಗಲಿಲ್ಲ. ಮೇಲಿನ ರಾಜಕಾಲುವೆಯಲ್ಲಿ ಬರುವ ಕೊಳಚೆಯ ಮುಂದೆ ಆ ಪೈಪು ಏನೇನೂ ಅಲ್ಲ, ಅದು ಹತ್ತಾರು ಬಡಾವಣೆಗಳಿಂದ ಬರುವಂಥದ್ದು. ಕಯಾಕ್ ಹಿಡಿದುಕೊಂಡು ಮಾಡಬಹುದಾದ ಕೆಲಸಕ್ಕೆ ಮಿತಿ ಇದೆ.

ದೂರದ ನೀರು

ಮನರಂಜನೆಯ ಭಾಗ ಚಿಕ್ಕದಾಗಿ ಹೇಳಿದರೆ ಸಾಕು. ವರ್ಷಕ್ಕೆ ಕೆಲವು ಸಲ ಶರಾವತಿ ಹಿನ್ನೀರಿಗೆ ರಾತ್ರಿ ಬಸ್ಸು. ದೊಡ್ಡವರು ಪೂರ್ತಿ ದುಡ್ಡು ಕೊಡುತ್ತಾರೆ, ಅದರಲ್ಲಿ ಉಳಿದದ್ದರಿಂದ ಶಾಲೆಯ ಮಕ್ಕಳ ಖರ್ಚು. ಎಲ್ಲ ಮಕ್ಕಳಿಗೂ ಆಗುವುದಿಲ್ಲ, ಕೊಳದಲ್ಲಿ ಮಗುಚುವ ಪಾಠ ಮುಗಿಸಿದವರಿಗೆ ಸರದಿ. ಅಲ್ಲಿ ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನ ಗಾಳಿ ಎದ್ದು ಅಲೆಯಾಗುತ್ತದೆ, ಕೊಳದಲ್ಲಿ ಕಲಿಯಲಾಗದ ಪಾಠ ಅದು. ಮೊದಲ ಪ್ರವಾಸದಲ್ಲಿ ಮಕ್ಕಳು ದಡದ ಉದ್ದಕ್ಕೂ ಏನನ್ನೋ ಹುಡುಕುತ್ತಾ ಹುಟ್ಟು ಹಾಕುತ್ತಿದ್ದರು. ಏನ್ರೋ ಅಂದರೆ ‘ಪೈಪ್ ಎಲ್ಲಿದೆ ಅಂತ ನೋಡ್ತಿದೀವಿ ಸಾರ್’!

2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅರ್ಜುನ್ ಸಿಂಗ್, ಸುನಿಲ್ ಸಿಂಗ್ ಸಲಾಂ 1000 ಮೀಟರ್ ಕನೂ ಡಬಲ್ಸ್‌ನಲ್ಲಿ ಕಂಚು ಗೆದ್ದ ಸುದ್ದಿಯನ್ನು ಮೇಷ್ಟ್ರು ತರಗತಿಯಲ್ಲಿ ಓದಿದ ಮೇಲೆ ಇಬ್ಬರು ಹುಡುಗರಿಗೆ ರೇಸಿನ ಆಸೆ ಹತ್ತಿದೆ. ರೇಸಿನ ಒಂಟಿ ಕಯಾಕ್ 5.2 ಮೀಟರ್ ಉದ್ದದ, ಕೂತರೆ ಸಾಕು ಮಗುಚುವ ವಸ್ತು. 1000 ಮೀಟರ್ ನೇರ ಪಥಕ್ಕೆ ಈ ಕೆರೆಯೂ ಸಾಲದು. ಅವರಿಗೆ ಏನು ದಾರಿ ಎಂಬುದಕ್ಕೆ ಗುಂಪಿನ ಹತ್ತಿರ ಉತ್ತರ ಇಲ್ಲ.

ಈಗಿನ ಸ್ಥಿತಿ

ಕೆರೆಯ ವಾಕಿಂಗ್ ಹಾದಿಯಲ್ಲಿ ಇವತ್ತಿಗೂ ‘ನಮ್ಮ ಕೆರೆ, ನಮಗ್ಯಾಕೆ ಬೋಟಿಂಗ್ ಇಲ್ಲ’ ಎಂದು ಕೇಳುವವರಿದ್ದಾರೆ. ಅವರಿಗೆ ತಿಂಗಳ ಅಳತೆಯ ಕಾಗದವನ್ನು ಗೇಟಿನ ಹಲಗೆಗೆ ಅಂಟಿಸಿ ತೋರಿಸುತ್ತಾರೆ: ಸ್ನಾನಕ್ಕೆ ಬೇಕಾದ ಅಂಕಿ ಇದು, ನಮ್ಮ ಕೆರೆಯದು ಇದು. ಈ ಹಲಗೆಯಿಂದ ಗುಂಪಿಗೆ ಗೆಳೆಯರೂ ಹುಟ್ಟಿದ್ದಾರೆ, ಫ್ಲಾಟಿನ ಬೆಲೆ ಇಳಿಸುತ್ತೀರಿ ಎಂದು ಬೈಯುವವರೂ ಹುಟ್ಟಿದ್ದಾರೆ. ಸದಸ್ಯರು ಮೊದಲಿಗಿಂತ ಕಡಿಮೆ. ಮೋಜಿಗೆಂದು ಬಂದವರು ಮೊದಲ ವರ್ಷವೇ ಹೋದರು, ಉಳಿದವರಲ್ಲಿ ಅರ್ಧದಷ್ಟು ಜನ ದೋಣಿಗಿಂತ ಮೀಟರಿನ ಹುಚ್ಚು ಹತ್ತಿದವರು.

ಬೇರೆ ಬಡಾವಣೆಯವರು ಕೇಳಿದಾಗ ಸಂಚಾಲಕಿ ಯಾವ ಕಯಾಕ್ ಕೊಳ್ಳಬೇಕೆಂದು ಹೇಳುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ನಿಮ್ಮ ಕೆರೆಯ ಮಟ್ಟ ಎಷ್ಟಿರುತ್ತದೆ, ಮೀನಿನ ಗುತ್ತಿಗೆ ಯಾರದು, ಹಕ್ಕಿ ಎಲ್ಲಿ ಗೂಡು ಕಟ್ಟುತ್ತದೆ ಎಂದು ವಿಚಾರಿಸುತ್ತಾರೆ. ಬಹಳ ಜನ ಮತ್ತೆ ಫೋನ್ ಮಾಡುವುದಿಲ್ಲ.

ಸದ್ಯದ ತಲೆನೋವು ಬೇರೆ. ಮೀನಿನ ಗುತ್ತಿಗೆಯ ಅವಧಿ ಮುಗಿಯುತ್ತ ಬಂದಿದೆ. ಹೊತ್ತಿನ ಒಪ್ಪಂದ, ತೆಪ್ಪದ ಕೂಲಿ, ನಸುಕಿನ ಅಳತೆ ಎಲ್ಲವೂ ಈಗಿನ ಯಜಮಾನರ ಜೊತೆಗಿನ ಬಾಯಿಮಾತು. ಹೊಸಬರು ಬಂದರೆ ಮತ್ತೆ ಮೊದಲಿನಿಂದ. ಹೊಸ ಟೆಂಡರಿನ ಷರತ್ತುಗಳಲ್ಲಿ ‘ನೀರಿನ ಗುಣಮಟ್ಟ ಅಳೆಯುವ ಸ್ವಯಂಸೇವಕರಿಗೆ ಅವಕಾಶ ಕೊಡತಕ್ಕದ್ದು’ ಎಂಬ ಒಂದು ಸಾಲು ಸೇರಿಸಿ ಎಂದು ಗುಂಪು, ಯಜಮಾನರು, ಪಕ್ಷಿ ವೀಕ್ಷಕರು, ಆ ಖಜಾಂಚಿ ಎಲ್ಲರೂ ಸಹಿ ಹಾಕಿ ಅರ್ಜಿ ಕೊಟ್ಟಿದ್ದಾರೆ. ಕಡತ ಮೇಲಿನ ಕಚೇರಿಗೆ ಹೋಗಿದೆ ಎಂದು ಹೋದ ಸೋಮವಾರ ತಿಳಿಯಿತು.